ಹದಿನೇಳನೇ ಅಂಗಡಿಯ ಬಲಗಣ್ಣು

ನನ್ನ ಅತ್ತೆಗೆ ಮೌಸ್ ಕಂಡರಾಗದು. ಮುಟ್ಟಲೇಬೇಕಾಗಿ ಬಂದರೆ ಸತ್ತ ಜಿರಳೆಯನ್ನು ಎತ್ತುವ ಹಾಗೆ ಎರಡೇ ಬೆರಳಲ್ಲಿ ಹಿಡಿದು ಮೇಜಿನ ಅಂಚಿಗೆ ಸರಿಸುತ್ತಾರೆ. "ಹತ್ತು ಬೆರಳು ಇರೋದು ಯಾಕೆ? ಒಂದರಲ್ಲಿ ಟಿಕ್ ಟಿಕ್ ಅನ್ನಿಸ್ಕೊಂಡು ಕೂತ್ರೆ ಮಿಕ್ಕ ಒಂಬತ್ತೇನು ಬಾಡಿಗೆಗೆ ಬಂದಿದ್ಯಾ?" ಎನ್ನುವುದು ಅವರ ವಾದ. ಐವತ್ತೆಂಟು ವಯಸ್ಸು, ಗಿಡ್ಡ ಮೈಕಟ್ಟು, ಯಾವಾಗಲೂ ಎಲ್ಲೋ ಮರೆತು ಬರುವ ಓದುವ ಕನ್ನಡಕ. ಕೀಲಿಮಣೆಯ ಮೇಲೆ ಕೈಯಿಟ್ಟರೆ ಮಾತ್ರ ಇದ್ದಕ್ಕಿದ್ದಂತೆ ಒಂದಡಿ ಬೆಳೆದುಬಿಡುತ್ತಾರೆ.

ಅವರು ಕೆಲಸ ಮಾಡುವುದು ಕನ್ನಡಕದ ಗಾಜು ತೀಡುವ ಕಾರ್ಖಾನೆಯಲ್ಲಿ. ಕಾರ್ಖಾನೆ ಎಂದರೆ ದೊಡ್ಡದೇನಲ್ಲ. ಉದ್ದನೆಯ ಒಂದು ಹಜಾರ, ಅದರೊಳಗೆ ಎಂಟು ಸಾಣೆಯಂತ್ರ, ಬಿಡದೆ ಹರಿಯುವ ನೀರಿನ ಸದ್ದು, ಎಲ್ಲರ ಮುಂಗೈಗೂ ಮೆತ್ತಿಕೊಂಡ ಹಿಟ್ಟಿನಂಥ ಬಿಳಿ ಪುಡಿ. ಮೂವತ್ತೊಂದು ಕನ್ನಡಕದ ಅಂಗಡಿಗಳು ತಮ್ಮ ಗಿರಾಕಿಗಳ ಕಣ್ಣಿನ ನಂಬರನ್ನು ಇಲ್ಲಿಗೆ ಕಳಿಸುತ್ತವೆ. ಒಂದು ಆರ್ಡರಿಗೆ ಒಂದು ಟ್ರೇ, ಟ್ರೇಗೆ ಒಂದು ಲೇಬಲ್, ಲೇಬಲ್ಲಿನ ಮೇಲೆ ಬಲಗಣ್ಣಿಗೆ ಇಷ್ಟು, ಎಡಗಣ್ಣಿಗೆ ಇಷ್ಟು. ಸಾಣೆಯವರು ಲೇಬಲ್ ನೋಡಿ ಗಾಜು ತೀಡುತ್ತಾರೆ. ಲೇಬಲ್ ಹೇಳಿದ್ದೇ ವೇದವಾಕ್ಯ.

ಮೂವತ್ತು ವರ್ಷದ ಹಿಂದೆ ಅತ್ತೆ ಅಲ್ಲಿ ಸೇರಿದ್ದು ಆ ಲೇಬಲ್ಲುಗಳನ್ನು ಟೈಪ್ ಮಾಡಲು. ಅಂಗಡಿಗಳಿಂದ ಕೈಬರಹದ ಚೀಟಿ ಬರುತ್ತಿತ್ತು, ಇವರು ಟಕಟಕ ಬಡಿಯುತ್ತಿದ್ದರು. ಹೀಗಾಗಿ ಅಲ್ಲಿ ಅವರು ಎಲ್ಲರಿಗೂ ಟೈಪಮ್ಮ. ಅವರ ನಿಜವಾದ ಹೆಸರು ಸಂಬಳದ ಚೀಟಿಯಲ್ಲಿ ಬಿಟ್ಟರೆ ಮತ್ತೆಲ್ಲೂ ಕಾಣುವುದಿಲ್ಲ.

ಆಮೇಲೆ ಕಂಪ್ಯೂಟರ್ ಬಂತು. ಅದನ್ನು ನೋಡಿಕೊಳ್ಳುತ್ತಿದ್ದವನು ಆರು ವರ್ಷದ ಹಿಂದೆ ಒಂದು ಸೋಮವಾರ ಬೇರೆ ಕಡೆ ಕೆಲಸ ಸಿಕ್ಕಿತೆಂದು ಕೈ ಬೀಸಿ ಹೊರಟೇಹೋದ. ಹೋಗುವ ಮೊದಲು ಗೋಡೆಗೆ ಮೂರು ಸಾಲಿನ ಚೀಟಿ ಅಂಟಿಸಿದ್ದ. ಮೂರೂ ಸಾಲು ಇಂಗ್ಲಿಷಿನಲ್ಲಿ, ಮಧ್ಯೆ ಮಧ್ಯೆ ಅಡ್ಡಗೀಟು, ಚುಕ್ಕೆ. ಇದನ್ನು ಕಪ್ಪು ಪರದೆಯ ಮೇಲೆ ಟೈಪ್ ಮಾಡಿದರೆ ಎಲ್ಲ ನಡೆಯುತ್ತದೆ ಎಂದು ಕೆಳಗೆ ಬರೆದಿದ್ದ. ಯಜಮಾನರು ಹಜಾರದಲ್ಲಿ ನಿಂತು "ಯಾರಾದರೂ ಇದನ್ನ ಓದಬಲ್ಲಿರಾ?" ಎಂದು ಕೇಳಿದರಂತೆ. ಅತ್ತೆ, "ಓದೋದು ಗೊತ್ತಿಲ್ಲ. ಟೈಪ್ ಮಾಡ್ತೀನಿ" ಎಂದು ಕುರ್ಚಿ ಎಳೆದುಕೊಂಡರಂತೆ. ಅವತ್ತು ಕೂತವರು ಇನ್ನೂ ಎದ್ದಿಲ್ಲ.

ಆ ಮೂರು ಸಾಲಿನ ಹಿಂದಿರುವುದು ಕಂಟೇನರುಗಳು ಎಂದು ಅವರಿಗೆ ಗೊತ್ತಾಗಲು ಮೂರು ತಿಂಗಳು ಹಿಡಿಯಿತು. ಆ ಹೆಸರು ಅವರ ನಾಲಿಗೆಗೆ ಒಗ್ಗಲಿಲ್ಲ. ಡಬ್ಬಿ ಎಂದು ಕರೆದರು, ಅದೇ ಉಳಿಯಿತು. ನಾನು ಸೊಸೆಯಾಗಿ ಬಂದ ಹೊಸದರಲ್ಲಿ ಒಂದು ಸಂಜೆ ನನ್ನನ್ನು ಅಡುಗೆಮನೆಯಲ್ಲಿ ಕೂರಿಸಿಕೊಂಡು ವಿವರಿಸಿದ್ದು ಹೀಗೆ:

"ನೋಡೇ, ಪ್ರೋಗ್ರಾಮು ಅಂದ್ರೆ ಬಲು ಹಟಮಾರಿ ನೆಂಟ. ನನಗೆ ಇಂಥದೇ ದಿಂಬು ಬೇಕು, ಇಂಥದೇ ಬಿಸಿನೀರು ಬೇಕು ಅಂತ ಕೂತ್ಕೊಳ್ಳುತ್ತೆ. ಒಂದು ಕಂಪ್ಯೂಟರಲ್ಲಿ ನಡೀತು, ಇನ್ನೊಂದರಲ್ಲಿ ಮುನಿಸ್ಕೊಳ್ತು. ಅದಕ್ಕೆ ಏನು ಮಾಡಿದ್ದಾರೆ ಅಂದ್ರೆ, ಅದನ್ನೂ ಅದರ ದಿಂಬು, ಬಿಸಿನೀರು ಎಲ್ಲಾನೂ ಒಂದೇ ಡಬ್ಬಿಗೆ ತುಂಬಿ ಮುಚ್ಚಳ ಹಾಕಿಬಿಟ್ಟಿದ್ದಾರೆ. ಇನ್ನು ಎಲ್ಲಿಟ್ರೂ ನಡೀಬೇಕು."

ತುಂಬುವುದಕ್ಕೂ ಒಂದು ಕ್ರಮವಿದೆ. ಏನೇನು ಹಾಕಬೇಕು, ಯಾವುದಾದ ಮೇಲೆ ಯಾವುದು ಎಂದು ಮೊದಲು ಒಂದು ಪಟ್ಟಿ ಬರೆಯಬೇಕು. 'ಬಿಲ್ಡ್' ಎಂದರೆ ಪಟ್ಟಿಯ ಪ್ರಕಾರ ಒಂದು ಅಚ್ಚು ತಯಾರಾಗುತ್ತದೆ. 'ರನ್' ಎಂದರೆ ಅಚ್ಚಿನಿಂದ ಒಂದು ಡಬ್ಬಿ ಎದ್ದು ಓಡತೊಡಗುತ್ತದೆ. ಕೆಟ್ಟಿತೋ, ಆ ಡಬ್ಬಿಯನ್ನು ಬಿಸಾಕಿ ಅಚ್ಚಿನಿಂದ ಇನ್ನೊಂದನ್ನು ಎಬ್ಬಿಸಿದರಾಯಿತು. ಆರ್ಡರಿನ ಲೆಕ್ಕಪತ್ರವೆಲ್ಲ ಡಬ್ಬಿಯ ಹೊರಗೆ, ಬೇರೆ ಕಪಾಟಿನಲ್ಲಿರುತ್ತದೆ. ಡಬ್ಬಿ ಹೋದರೂ ಅದು ಹೋಗುವುದಿಲ್ಲ.

ಅತ್ತೆಯ ಬಳಿ ನಾಲ್ಕು ಡಬ್ಬಿಗಳಿದ್ದವು. ಒಂದು ಅಂಗಡಿಗಳಿಂದ ಆರ್ಡರ್ ಇಸಿದುಕೊಳ್ಳುವುದು, ಒಂದು ಗಾಜಿನ ಬಾಗು ಲೆಕ್ಕ ಹಾಕುವುದು, ಒಂದು ಲೇಬಲ್ ಅಚ್ಚುಹಾಕುವುದು, ಒಂದು ದಾಖಲೆ ಇಡುವುದು. ನಾಲ್ಕಕ್ಕೂ ಸೇರಿ ಒಂದೇ ಕಟ್ಟಳೆ: ಓಡುತ್ತಿರುವ ಡಬ್ಬಿಯೊಳಗೆ ಕೈ ಹಾಕಬಾರದು. ಹಾಕಲು ಬರುತ್ತದೆ, ಒಂದು ಸಾಲು ಟೈಪ್ ಮಾಡಿ ಒಳಗೆ ನುಗ್ಗಿ ಬೇಕಾದ್ದನ್ನು ತಿದ್ದಬಹುದು. ಆದರೆ ಹಾಗೆ ತಿದ್ದಿದ್ದು ಆ ಒಂದು ಡಬ್ಬಿಯಲ್ಲಿ ಮಾತ್ರ ಇರುತ್ತದೆ, ಪಟ್ಟಿಗೆ ಅದರ ಸುದ್ದಿಯೇ ಇರುವುದಿಲ್ಲ. ಡಬ್ಬಿ ಹೋದ ದಿನ ತಿದ್ದಿದ್ದೂ ಹೋಗುತ್ತದೆ. "ಏನೇ ಬದಲಾಯಿಸಬೇಕು ಅಂದ್ರೂ ಪಟ್ಟೀಲಿ ಬರಿ, ಹೊಸದಾಗಿ ಎಬ್ಬಿಸು. ಕೈ ಹಾಕ್ದೋನು ಕೆಟ್ಟ" ಎಂದು ಊಟದ ಹೊತ್ತಿನಲ್ಲಿ ಸಾಣೆಯವರಿಗೆಲ್ಲ ಭಾಷಣ ಮಾಡುತ್ತಿದ್ದರಂತೆ. ಪಾಪ, ಅವರು ಯಾವ ಡಬ್ಬಿಗೂ ಕೈ ಹಾಕುವವರಲ್ಲ, ಊಟದ ಡಬ್ಬಿಯೊಂದನ್ನು ಬಿಟ್ಟು.

ಮನೆಯಲ್ಲೂ ಈ ಕಾಟ ಇತ್ತು. ಉಪ್ಪು, ಸಕ್ಕರೆ, ಹಿಟ್ಟು ಎಲ್ಲದರ ಮೇಲೂ ಟೈಪ್ ಮಾಡಿದ ಲೇಬಲ್, ಅದರ ಮೇಲೆ ತುಂಬಿದ ದಿನಾಂಕ. ನಾನೊಮ್ಮೆ 'ಹೊಸ ಹಿಟ್ಟು' ಎಂದು ಬರೆದು ಅಂಟಿಸಿದ್ದಕ್ಕೆ, "ಹೊಸದು ಅಂತ ಬರೆದ್ರೆ ಯಾವತ್ತಿಂದು ಅಂತ ಯಾರಿಗೆ ಗೊತ್ತಾಗುತ್ತೆ? ಮುಂದಿನ ವರ್ಷಾನೂ ಅದು ಹೊಸದೇ ಇರುತ್ತಾ?" ಎಂದು ಕಿತ್ತೆಸೆದರು. ನನ್ನ ಮಗಳು ಹುಟ್ಟಿದ ವಾರ ಅವಳ ಕಾಲಿಗೂ ಒಂದು ಅಂಟಿಸುತ್ತಾರೇನೋ ಎಂದು ನಾನು ಹೆದರಿದ್ದೆ.

ಈ ವರ್ಷ ಅತ್ತೆಗೆ ಕಷ್ಟ ಶುರುವಾದದ್ದು ಯಜಮಾನರ ಅಳಿಯನಿಂದ. ವ್ಯವಹಾರದಲ್ಲಿ ಕೈಜೋಡಿಸಲು ಬಂದವನು. ಕೆಟ್ಟವನೇನಲ್ಲ, ಇಸ್ತ್ರಿ ಮಾಡಿದ ಅಂಗಿ, ಇಸ್ತ್ರಿ ಮಾಡಿದ ಮಾತು. ಕಾರ್ಖಾನೆ ಪೂರ್ತಿ ಅವನನ್ನು ಅಳಿಯ ಎಂದೇ ಕರೆಯುತ್ತದೆ, ಎದುರಿಗೆ ಮಾತ್ರ ಸರ್. ಹಳೇ ಕಂಪ್ಯೂಟರ್ ಮುದಿಯಾಗಿದೆ, ಹೊಸದು ತರೋಣ, ಹಾಗೇ ಈ ಕೆಲಸವನ್ನೆಲ್ಲ ಒಂದು ಹೊರಗಿನ ಕಂಪನಿಗೆ ಒಪ್ಪಿಸಿಬಿಡೋಣ ಎಂಬುದು ಅವನ ಯೋಚನೆ. ಯಜಮಾನರು ನಡುದಾರಿ ಹಿಡಿದರು. ಹೊಸ ಯಂತ್ರ ಬರಲಿ, ಟೈಪಮ್ಮನೇ ನಡೆಸಲಿ. ಒಂದು ತಿಂಗಳು ಒಂದೂ ತಪ್ಪು ಬರಬಾರದು. ಬಂದರೆ ಕೆಲಸ ಹೊರಗಿನವರಿಗೆ, ಟೈಪಮ್ಮ ಮನೆಗೆ.

ಇಲ್ಲಿ ನನ್ನದೊಂದು ಮಾತು ಹೇಳಿಬಿಡುತ್ತೇನೆ. ಅತ್ತೆ ಮನೆಗೆ ಬಂದರೆ ನನಗೆ ಲಾಭವೇ ಇತ್ತು. ಮಗಳಿಗೆ ಎರಡು ತುಂಬುತ್ತಿತ್ತು, ನಾನು ಮತ್ತೆ ಕೆಲಸಕ್ಕೆ ಹೋಗಬೇಕಿತ್ತು, ಶಿಶುವಿಹಾರದಲ್ಲಿ ಜಾಗಕ್ಕೆ ಅರ್ಜಿ ಹಾಕಬೇಕಿತ್ತು. ಮನೆಯಲ್ಲೇ ಅಜ್ಜಿ ಇದ್ದರೆ ಅರ್ಜಿ ಯಾಕೆ? ಈ ಯೋಚನೆ ಬಂದ ದಿನ ನಾನು ಅತ್ತೆಗೆ ಎರಡು ಸಲ ಚಹಾ ಮಾಡಿಕೊಟ್ಟೆ.

ಹೊಸ ಯಂತ್ರ ಬಂದ ದಿನ ಅತ್ತೆ ಎಲ್ಲರನ್ನೂ ಕರೆದು ಸುತ್ತ ನಿಲ್ಲಿಸಿಕೊಂಡರು. ಪಟ್ಟಿಗಳನ್ನು ನಕಲು ಮಾಡಿದರು. ಬಿಲ್ಡ್. ಪರದೆಯ ಮೇಲೆ ಸಾಲುಗಳು ಸರಸರ ಓಡಿದವು. ರನ್. ಒಂದು, ಎರಡು, ಮೂರು, ನಾಲ್ಕು, ಎಲ್ಲ ಡಬ್ಬಿಗಳೂ ಎದ್ದು ನಿಂತವು. ಸಾಣೆಯವರು ಚಪ್ಪಾಳೆ ತಟ್ಟಿದರು. ಆ ಉತ್ಸಾಹದಲ್ಲಿ ಹಳೇ ಯಂತ್ರಕ್ಕೂ ಒಂದು ಗತಿ ಕಾಣಿಸಿದರು: ನಿಲ್ಲಿಸಿದ ಡಬ್ಬಿಗಳನ್ನೂ ಹಳೇ ಅಚ್ಚುಗಳನ್ನೂ ಗುಡಿಸಿ ಹಾಕುವ ಆಜ್ಞೆ. ಅದು ಮಾಡುವ ಮೊದಲು ಒಮ್ಮೆ ಕೇಳುತ್ತದೆ, ನಿಜವಾಗಿಯೂ ಬೇಕಾ ಎಂದು. ಅತ್ತೆ ಕಿರುಬೆರಳಿನಿಂದ ಹೌದು ಒತ್ತಿದರಂತೆ. ಕಿರುಬೆರಳು ಎಂದು ಅವರೇ ಒತ್ತಿ ಹೇಳಿದರು.

ಒಂಬತ್ತನೇ ದಿನ ಹದಿನೇಳನೇ ಅಂಗಡಿಯಾತ ಬಂದ.

ಮೂವತ್ತೊಂದು ಅಂಗಡಿಗಳಿಗೂ ನಂಬರಿದೆ, ಈತನದು ಹದಿನೇಳು. ಕಾರ್ಖಾನೆಯ ಮಟ್ಟಿಗೆ ಅವನ ಹೆಸರೂ ಅದೇ. ನಲವತ್ತು ವರ್ಷದಿಂದ ಕನ್ನಡಕ ಮಾರುವವನು, ತಾನು ಮಾತ್ರ ಕನ್ನಡಕ ಹಾಕುವುದಿಲ್ಲ, ಹಾಕಿದರೆ ವಯಸ್ಸಾಯಿತು ಅಂದುಕೊಳ್ಳುತ್ತಾರೆಂದು. ಚಪ್ಪಲಿ ಡಬ್ಬಿಯೊಂದರಲ್ಲಿ ಐದು ಕನ್ನಡಕ ಹಾಕಿಕೊಂಡು ಬಂದು ಅತ್ತೆಯ ಮೇಜಿನ ಮೇಲೆ ಸುರಿದ.

"ಏನ್ ಟೈಪಮ್ಮ ಇದು? ಐದು ಜನ! ಒಬ್ಬ ಮೆಟ್ಟಿಲು ಇಳಿಯೋಕೆ ಹೋಗಿ ಇಲ್ಲದ ಮೆಟ್ಟಿಲು ಇಳಿದಿದ್ದಾನೆ. ಒಬ್ಬಳು ದರ್ಜಿ, ಸೂಜಿಗೆ ದಾರ ಹಾಕೋಕೆ ಹೋಗಿ ಪಕ್ಕದವಳ ಮೂಗಿಗೆ ಹಾಕ್ತಿದ್ದಳಂತೆ. ಬಲಗಣ್ಣಿಂದು ಎಡಕ್ಕೆ, ಎಡಗಣ್ಣಿಂದು ಬಲಕ್ಕೆ!"

"ಈ ವಾರ ನಿಮ್ಮ ಆರ್ಡರ್ ಮೂವತ್ತಿತ್ತು. ಮಿಕ್ಕ ಇಪ್ಪತ್ತೈದು?" ಎಂದರು ಅತ್ತೆ.

"ಅವರಿಗೆ ಎರಡು ಕಣ್ಣೂ ಒಂದೇ ಥರ ಕೆಟ್ಟಿತ್ತು. ಗೊತ್ತಾಗಿಲ್ಲ."

ಅತ್ತೆ ಲಾಗ್ ತೆಗೆದರು, ಡಬ್ಬಿಗಳು ತಮ್ಮ ದಿನಚರಿ ಬರೆದುಕೊಳ್ಳುವ ಜಾಗ ಅದು. ಒಂದೂ ಕೆಂಪು ಸಾಲಿಲ್ಲ. ಅವನು ತನ್ನ ಬಳಿ ಇಟ್ಟುಕೊಳ್ಳುವ ಕೈಬರಹದ ಚೀಟಿ ಇಸಿದುಕೊಂಡು ದಾಖಲೆಯ ಪಕ್ಕ ಹಿಡಿದರು. ಚೀಟಿಯಲ್ಲಿ ಮೊದಲು ಒಂದು, ಆಮೇಲೆ ನಾಲ್ಕು. ದಾಖಲೆಯಲ್ಲೂ ಮೊದಲು ಒಂದು, ಆಮೇಲೆ ನಾಲ್ಕು. ಐದೂ ಹಾಗೇ ಹೊಂದಿದವು. ಅಷ್ಟರಲ್ಲಿ ಅಳಿಯನೂ ಬಂದು ಹಿಂದೆ ನಿಂತಿದ್ದ. "ನೋಡಿ ಸರ್, ಬಂದಿದ್ದು ಬಂದ ಹಾಗೇ ಹೋಗಿದೆ. ನನ್ನ ಡಬ್ಬಿ ತಪ್ಪು ಮಾಡಲ್ಲ" ಎಂದರು ಅತ್ತೆ.

ಹಾಗಾದರೆ ತಪ್ಪು ಮಾಡಿದವರು ಯಾರು? ಹದಿನೇಳರ ಟ್ರೇಗಳೆಲ್ಲ ಹೋಗುವುದು ಒಬ್ಬರ ಯಂತ್ರಕ್ಕೇ, ಸಾಣೆಯಣ್ಣನ ಯಂತ್ರಕ್ಕೆ. ಅತ್ತೆಗಿಂತ ಎರಡು ವರ್ಷ ಮೊದಲೇ ಸೇರಿದವರು, ಸಾಣೆಕಲ್ಲಿನ ಸದ್ದು ಕೇಳಿಯೇ ಗಾಜು ಎಷ್ಟು ಸವೆದಿದೆ ಎಂದು ಹೇಳುವವರು. ಹೋದ ವರ್ಷ ಅವರಿಗೆ ಕಣ್ಣಿನ ಆಪರೇಷನ್ ಆಗಿತ್ತು. ಅಳಿಯನ ತಲೆಯಲ್ಲಿ ಎರಡೂ ಎರಡೂ ಸೇರಿ ನಾಲ್ಕಾಯಿತು.

"ಲೇಬಲ್‌ನಲ್ಲಿ ಇದ್ದಂಗೇ ತೀಡಿದ್ದೀನಿ" ಎಂದರಂತೆ ಸಾಣೆಯಣ್ಣ. ಲೇಬಲ್ಲುಗಳು ಎಲ್ಲಿ? ಗಾಜು ತೊಳೆಯುವಾಗ ಕಿತ್ತು ಬಿಸಾಡುವುದು ವಾಡಿಕೆ. ಇದು ಸರಿಹೋಗುವವರೆಗೆ ಆರ್ಡರನ್ನೇ ಕಳಿಸುವುದಿಲ್ಲ ಎಂದು ಹದಿನೇಳರವನು ಹೊರಟುಹೋದ. ಮರುದಿನದಿಂದ ಅವರನ್ನು ಪ್ಯಾಕಿಂಗ್ ಮೇಜಿಗೆ ಕೂರಿಸಿದರು, ಸಿದ್ಧವಾದ ಕನ್ನಡಕಗಳನ್ನು ಬಟ್ಟೆಯಲ್ಲಿ ಒರೆಸಲು. ಅತ್ತೆ ಮನೆಗೆ ಬಂದು, "ಪಾಪ, ವಯಸ್ಸಾಯ್ತು ನೋಡು" ಎಂದರು. ಅವರಿಗೂ ಸಾಣೆಯಣ್ಣನಿಗೂ ಮೂರೇ ವರ್ಷದ ಅಂತರ.

ಮುಂದಿನ ವಾರದ ಭಾನುವಾರ ಮಧ್ಯಾಹ್ನ ಮಗಳು ಮಲಗಿದ್ದಳು. ಶಿಶುವಿಹಾರದ ಅರ್ಜಿ ತುಂಬುತ್ತಿದ್ದೆ. ಹುಟ್ಟಿದ ಸಮಯ, ಹುಟ್ಟಿದಾಗಿನ ತೂಕ. ಇಂಥದ್ದೆಲ್ಲ ತಾಯಿಗೆ ಬಾಯಿಪಾಠ ಇರುತ್ತದೆ ಅಂದುಕೊಂಡಿರುವವರು ತಾಯಂದಿರಲ್ಲ. ಎರಡು ವರ್ಷದ ಹಿಂದಿನ ದಿನಚರಿ ತೆಗೆದೆ. ಆ ಪುಟದಲ್ಲಿ ನನ್ನ ಅಕ್ಷರ ಇರುವೆ ಕುಡಿದು ನಡೆದ ಹಾಗಿದೆ:

'ಬೆಳಿಗ್ಗೆ ಹನ್ನೊಂದೂ ಕಾಲು. ನೋವು ಜೋರಾಯಿತು. ಇವರು ಫೋನ್ ಎತ್ತಲಿಲ್ಲ. ಅತ್ತೆಗೆ ಮಾಡಿದೆ. "ಬಂದೆ ಕಣೇ, ಎರಡು ನಿಮಿಷ ಇರು, ಹದಿನೇಳರವನ ಕಣ್ಣು ಅದಲುಬದಲು ಮಾಡಿ ಓಡಿ ಬಂದೆ" ಎಂದರು. ನಾನಿಲ್ಲಿ ಸಾಯುತ್ತಿದ್ದೇನೆ, ಇವರಿಗೆ ಯಾರದೋ ಕಣ್ಣಿನ ಚಿಂತೆ. ಆದರೂ ಇಪ್ಪತ್ತು ನಿಮಿಷದಲ್ಲಿ ಬಂದರು, ಒಂದು ಕಾಲಲ್ಲಿ ಕಾರ್ಖಾನೆಯ ಚಪ್ಪಲಿ, ಇನ್ನೊಂದರಲ್ಲಿ ಮನೆಯದು.'

ಮೂರು ಸಲ ಓದಿದೆ. ಹದಿನೇಳರವನ ಕಣ್ಣು ಅದಲುಬದಲು.

ಹೇಳಿದರೆ ಅತ್ತೆಯ ಕೆಲಸ ಹೋಗುತ್ತದೆ. ಹೇಳದಿದ್ದರೆ ಹೋಗುವುದಿಲ್ಲ, ಸಾಣೆಯಣ್ಣ ಮಾತ್ರ ಬಟ್ಟೆಯಲ್ಲಿ ಗಾಜು ಒರೆಸುತ್ತ ಕೂತಿರುತ್ತಾರೆ. ಹೇಳಿದರೆ ನನಗೆ ಅರ್ಜಿಯೂ ಬೇಕಾಗಿಲ್ಲ. ಎಲ್ಲ ಕಡೆಯಿಂದಲೂ ಯೋಚಿಸಿದೆ. ನನ್ನ ಲಾಭಕ್ಕೆ ಹೇಳುತ್ತಿದ್ದೇನೆಂದು ಅತ್ತೆ ತಿಳಿದುಕೊಂಡರೆ ಎಂದು ನಾಚಿಕೆಯಾಯಿತು. ಕೊನೆಗೆ ಅರ್ಜಿಯನ್ನು ಪೂರ್ತಿ ತುಂಬಿ, ಸಹಿ ಹಾಕಿ, ಆಮೇಲೆ ದಿನಚರಿ ಹಿಡಿದು ಹೊರಗೆ ಹೋದೆ.

ಅತ್ತೆ ಒಣಗಿದ ಬಟ್ಟೆ ಮಡಚುತ್ತಿದ್ದರು. ಪುಟ ಓದಿ ಹೇಳಿದೆ. ಅವರ ಕೈಯಲ್ಲಿದ್ದ ಪುಟ್ಟ ಕಾಲುಚೀಲ ಹಾಗೇ ನಿಂತಿತು.

"ಇನ್ನೊಂದ್ಸಲ ಓದು."

ಓದಿದೆ.

"ಅಯ್ಯೋ ನನ್ನ ಬುದ್ಧಿಗಿಷ್ಟು" ಎಂದು ಬಟ್ಟೆಯ ರಾಶಿಯ ಮೇಲೇ ಕೂತರು.

ವಿಷಯ ಇಷ್ಟು. ಎಲ್ಲ ಅಂಗಡಿಯವರೂ ಮೊದಲ ಅಂಕಣದಲ್ಲಿ ಬಲಗಣ್ಣಿನ ನಂಬರು ಬರೆಯುತ್ತಾರೆ, ಗಿರಾಕಿಯ ಎದುರಿಗೆ ಕೂತು ನೋಡುವವರಿಗೆ ಅವನ ಬಲಗಣ್ಣು ತಮ್ಮ ಎಡಬದಿಗೆ, ಮೊದಲು ಸಿಗುತ್ತದೆ. ಹದಿನೇಳರವನು ಮಾತ್ರ ಎಡಗಣ್ಣು ಮೊದಲು ಬರೆಯುತ್ತಾನೆ. "ಕನ್ನಡಕ ಹಾಕ್ಕೊಳ್ಳೋನು ಅವನು. ಅವನ ಎಡ ಎಡಗಡೆ ಇರಬೇಕು, ನನ್ನ ಎಡ ಕಟ್ಕೊಂಡು ಅವನಿಗೇನು?" ಎನ್ನುವುದು ಅವನ ಸಿದ್ಧಾಂತ. ಅತ್ತೆ ವರ್ಷಾನುಗಟ್ಟಲೆ ಅವನ ಚೀಟಿಯನ್ನು ಟೈಪ್ ಮಾಡುವಾಗ ತಿರುಗಿಸಿಯೇ ಬಡಿಯುತ್ತಿದ್ದರು. ತಲೆಗೆ ಅದರ ಸುದ್ದಿಯೂ ಇರಲಿಲ್ಲ, ಕೈಗೆ ಗೊತ್ತಿತ್ತು, ಅಷ್ಟೆ. ನನ್ನ ಹೆರಿಗೆಯ ವಾರ ಅವನೂ ಎಲ್ಲರಂತೆ ಕಂಪ್ಯೂಟರಿನಿಂದ ಆರ್ಡರ್ ಕಳಿಸತೊಡಗಿದ. ಕಾಲಂಗಳ ಮೇಲಿನ ಸಣ್ಣ ಅಕ್ಷರ ಅವನಿಗೆ ಕಾಣದು, ಕನ್ನಡಕ ಹಾಕುವವನಲ್ಲವಲ್ಲ. ಮೊದಲ ದಿನವೇ ಅತ್ತೆ ಪತ್ತೆಹಚ್ಚಿದರು. ಅವನ ಆರ್ಡರ್ ಬಂದರೆ ಎರಡು ಕಣ್ಣನ್ನೂ ಅದಲುಬದಲು ಮಾಡು ಎಂದು ಎರಡು ಸಾಲು ಬರೆಯಬೇಕಿತ್ತು. ಆಗಲೇ ನನ್ನ ಫೋನ್. ಪಟ್ಟಿಯಲ್ಲಿ ಬರೆದು, ಅಚ್ಚು ಮಾಡಿ, ಎಬ್ಬಿಸುವಷ್ಟು ಪುರುಸೊತ್ತಿರಲಿಲ್ಲ. ಓಡುತ್ತಿದ್ದ ಡಬ್ಬಿಯೊಳಗೆ ಕೈ ಹಾಕಿದರು, ತಿದ್ದಿದರು, ಎದ್ದು ಓಡಿದರು. ನಾಳೆ ಪಟ್ಟಿಗೆ ಬರೆದರಾಯಿತು ಎಂದುಕೊಂಡರು. ಮರುದಿನ ಮೊಮ್ಮಗಳು ಕೈಯಲ್ಲಿದ್ದಳು. ಆ ಡಬ್ಬಿ ಎರಡು ವರ್ಷ ತಂಟೆಯಿಲ್ಲದೆ ಓಡಿತು, ಮುಟ್ಟುವ ಪ್ರಸಂಗವೇ ಬರಲಿಲ್ಲ.

"ಆ ಡಬ್ಬಿ ಹಳೇ ಯಂತ್ರದಲ್ಲಿ ಇರಬಹುದಲ್ಲ ಅತ್ತೆ?" ಎಂದೆ.

"ಕಿರುಬೆರಳು" ಎಂದರು, ಅದನ್ನೇ ನೋಡುತ್ತ.

ಸೋಮವಾರ ಬೆಳಿಗ್ಗೆ ನಡೆದದ್ದನ್ನು ಇಬ್ಬರ ಬಾಯಲ್ಲೂ ಕೇಳಿದ್ದೇನೆ. ಅತ್ತೆಯ ಪ್ರಕಾರ, "ಹೇಳ್ದೆ, ಮುಗೀತು." ಸಾಣೆಯಣ್ಣನ ಪ್ರಕಾರ ಹೀಗೆ: ಟೈಪಮ್ಮ ನೆಟ್ಟಗೆ ಪ್ಯಾಕಿಂಗ್ ಮೇಜಿನ ಬಳಿ ಬಂದು ಅವರ ಕೈಯಿಂದ ಒರೆಸುವ ಬಟ್ಟೆ ಕಿತ್ತುಕೊಂಡರು.

"ಏನ್ ಟೈಪಮ್ಮ, ಒರೆಸೋದೂ ತಪ್ಪಾಯ್ತಾ?"

"ಸಾಣೆಯಣ್ಣ, ಗಾಜು ತಿರುಗಾಮುರುಗಾ ಆಗಿದ್ದು ನಿಮ್ಮಿಂದಲ್ಲ."

"ನಿಮ್ಮ ಡಬ್ಬಿ ತಪ್ಪು ಮಾಡಲ್ಲ ಅಂದ್ರಲ್ಲ?"

"ಡಬ್ಬಿ ಮಾಡ್ಲಿಲ್ಲ. ನಾನು ಮಾಡ್ದೆ. ಓಡ್ತಿರೋ ಡಬ್ಬಿಗೆ ಕೈ ಹಾಕಿದ್ದೆ."

ಹಜಾರದಲ್ಲಿ ಎಂಟೂ ಯಂತ್ರಗಳು ನಿಂತವಂತೆ. ಆರು ವರ್ಷದ ಭಾಷಣ ಕೇಳಿದವರಿಗೆ ಇದಕ್ಕಿಂತ ರಸವತ್ತಾದ ಸುದ್ದಿ ಬೇಕೆ? ಸಾಣೆಯಣ್ಣ ನಗಲಿಲ್ಲ. "ಹತ್ತು ದಿನ ಆಯ್ತು ಟೈಪಮ್ಮ, ಮನೇಲಿ ಹೆಂಡ್ತಿ ಕೂಡ ನನ್ನ ಕಣ್ಣನ್ನೇ ನೋಡಿ ನೋಡಿ ಮಾತಾಡಿಸ್ತಿದ್ದಾಳೆ" ಎಂದರು. ಇದನ್ನು ಅತ್ತೆ ನನಗೆ ಹೇಳಿರಲಿಲ್ಲ.

ಯಜಮಾನರ ಕೋಣೆಯಲ್ಲಿ ಅಳಿಯ, "ಷರತ್ತು ಷರತ್ತೇ" ಎಂದ. ಆಮೇಲೆ ಒಂದು ನ್ಯಾಯವಾದ ಮಾತೂ ಆಡಿದ: "ಅಮ್ಮಾ, ನಿಮ್ಮನ್ನ ಓಡಿಸೋ ಹಟ ನನಗಿಲ್ಲ. ನನ್ನ ಭಯ ಬೇರೆ. ನಿಮ್ಮ ತಲೇಲಿರೋದು ನಿಮ್ಮ ತಲೇಲೇ ಇದೆ. ನಾಳೆ ನಿಮಗೆ ಜ್ವರ ಬಂದ್ರೆ ಮೂವತ್ತೊಂದು ಅಂಗಡೀಗೂ ಜ್ವರ."

"ಎಲ್ಲಾ ಪಟ್ಟೀಲಿದೆ" ಎನ್ನಲು ಬಾಯಿ ತೆರೆದ ಅತ್ತೆ ಹಾಗೇ ಮುಚ್ಚಿದರು.

ಅಳಿಯನೇ ಪರೀಕ್ಷೆ ಇಟ್ಟ. ಬುಧವಾರ ಊಟದ ಮೇಲೆ ಯಂತ್ರವನ್ನು ಪೂರ್ತಿ ಗುಡಿಸಿ ಖಾಲಿ ಮಾಡುವುದು. ಬರೆದಿಟ್ಟದ್ದನ್ನು ಮಾತ್ರ ನೋಡಿಕೊಂಡು ಬೇರೆ ಯಾರಾದರೂ ನಾಲ್ಕೂ ಡಬ್ಬಿ ಎಬ್ಬಿಸಬೇಕು. ಟೈಪಮ್ಮ ಕೀಲಿ ಮುಟ್ಟಬಾರದು, ಬಾಯೂ ಬಿಡಬಾರದು. ಎದ್ದರೆ ಕೆಲಸ ಇಲ್ಲೇ ಉಳಿಯುತ್ತದೆ, ಏಳದಿದ್ದರೆ ಹೊರಗಿನವರಿಗೆ.

"ಯಾರು ಎಬ್ಬಿಸೋದು?" ಎಂದರು ಯಜಮಾನರು.

"ನಾನು" ಎಂದರು ಹಿಂದೆಯೇ ಬಂದು ಬಾಗಿಲಲ್ಲಿ ನಿಂತಿದ್ದ ಸಾಣೆಯಣ್ಣ. "ನನ್ನ ಮೇಲೆ ತಪ್ಪು ಹಾಕಿದ್ದು ಏನದು ಅಂತ ನಾನೂ ಒಮ್ಮೆ ನೋಡಬೇಕು. ಆದ್ರೆ ಮೊದಲು ನನ್ನ ಕಲ್ಲು ನನಗೆ ಕೊಡಿ."

"ನಿಮಗೆ ಟೈಪಿಂಗ್ ಬರಲ್ಲವಲ್ಲ?" ಎಂದ ಅಳಿಯ.

"ಬರಲ್ಲ."

"ಹಾಗಾದ್ರೆ ನೀವೇ ಸರಿ" ಎಂದನಂತೆ ಅಳಿಯ.

ಎರಡು ದಿನ ನಮ್ಮ ಮನೆ ಮನೆಯಾಗಿರಲಿಲ್ಲ. ಅತ್ತೆ ಊಟದ ಮೇಜಿನ ಮೇಲೆ ಕಾಗದ ಹರಡಿಕೊಂಡು ತಲೆಯಲ್ಲಿದ್ದದ್ದನ್ನೆಲ್ಲ ಇಳಿಸತೊಡಗಿದರು. ಬರೆಯುತ್ತ ಹೋದಂತೆ ಹೂತಿಟ್ಟದ್ದೆಲ್ಲ ಹೊರಬಂತು: ಲೇಬಲ್ ಡಬ್ಬಿಯನ್ನು ದಾಖಲೆ ಡಬ್ಬಿಗಿಂತ ಮೊದಲು ಎಬ್ಬಿಸಬಾರದು, ಮುದ್ರಣಯಂತ್ರವನ್ನು ಮೊದಲೇ ಹಚ್ಚಿರಬೇಕು, ಹೀಗೆ ಪಟ್ಟಿಯಲ್ಲಿ ಎಲ್ಲೂ ಇಲ್ಲದ, ಇವರ ಬೆರಳಿಗೆ ಮಾತ್ರ ಗೊತ್ತಿದ್ದ ಹನ್ನೊಂದು ಸಂಗತಿಗಳು. ಪ್ರತಿ ಪುಟವನ್ನೂ ನನಗೆ ಓದಲು ಕೊಟ್ಟರು.

"ನಿನಗೆ ಅರ್ಥ ಆದ್ರೆ ಯಾರಿಗಾದ್ರೂ ಅರ್ಥ ಆಗುತ್ತೆ."

"ಇದು ಹೊಗಳಿಕೆಯಾ ಅತ್ತೆ?"

"ಓದು ಸುಮ್ನೆ."

ಅರ್ಥವಾಗದ ಕಡೆಯೆಲ್ಲ ನಾನು ಪೆನ್ಸಿಲ್ಲಿನಲ್ಲಿ ಗೀಟು ಹಾಕಿದೆ. ಅವರು ಗೊಣಗುತ್ತ ತಿದ್ದಿದರು. ಆರ್ಡರ್ ಡಬ್ಬಿಯ ಪಟ್ಟಿಗೆ ಹದಿನೇಳರವನ ಎರಡು ಸಾಲೂ ಸೇರಿತು. ಯಂತ್ರ ಓದದ, ಮನುಷ್ಯರಷ್ಟೇ ಓದುವ ಟಿಪ್ಪಣಿಯೊಂದನ್ನು ಅದರ ಮೇಲೆ ಬರೆದರು: 'ಹದಿನೇಳರವನು ಎಡಗಣ್ಣು ಮೊದಲು ಬರೆಯುತ್ತಾನೆ. ಮೊಮ್ಮಗಳು ಹುಟ್ಟಿದ ದಿನ ಮಾಡಿದ್ದು, ಬರೆಯುವುದು ಎರಡು ವರ್ಷ ತಡವಾಯಿತು.'

ಬುಧವಾರ ಅತ್ತೆ ಕನ್ನಡಕ ಮರೆತು ಹೋದರು. ಪರೀಕ್ಷೆಯ ದಿನವೇ! ಮಗಳನ್ನು ಸೊಂಟಕ್ಕೇರಿಸಿಕೊಂಡು ನಾನೇ ತೆಗೆದುಕೊಂಡು ಹೋದೆ.

ಕಂಪ್ಯೂಟರ್ ಕೋಣೆ ಮೊದಲು ಹಳೇ ಚೌಕಟ್ಟುಗಳನ್ನು ಇಡುತ್ತಿದ್ದ ಉಗ್ರಾಣ. ಇಬ್ಬರು ಕೂರುವ ಜಾಗದಲ್ಲಿ ಏಳು ಜನ ನಿಂತಿದ್ದರು. ಸಾಣೆಯಣ್ಣ ಕೈ ತೊಳೆದು ಬಂದಿದ್ದರೂ ಉಗುರಿನ ಸಂದಿಯಲ್ಲಿ ಬಿಳಿ ಪುಡಿ. ಅತ್ತೆ ಪಕ್ಕದ ಸ್ಟೂಲಿನ ಮೇಲೆ ಎರಡೂ ಕೈಗಳನ್ನು ತೊಡೆಯ ಕೆಳಗೆ ಹಾಕಿಕೊಂಡು ಕೂತಿದ್ದರು. ಕನ್ನಡಕವನ್ನು ನಾನೇ ಅವರ ಮೂಗಿಗೆ ಏರಿಸಿದೆ.

ಸಾಣೆಯಣ್ಣ ಒಂದು 'ಬಿ' ಹುಡುಕಲು ಹಿಡಿದ ಹೊತ್ತಿನಲ್ಲಿ ನನ್ನ ಮಗಳು ಒಂದು ಬಿಸ್ಕತ್ತು ತಿಂದು ಮುಗಿಸಿದಳು. ಒಂದೇ ಬೆರಳು. ಒಂದಕ್ಷರ ಒತ್ತುವುದು, ಕಾಗದ ನೋಡುವುದು, ಪರದೆ ನೋಡುವುದು, ಮತ್ತೆ ಕಾಗದ. ಅತ್ತೆಯ ಭುಜಗಳು ಅವರ ಪ್ರತಿ ಅಕ್ಷರಕ್ಕೂ ತಾವೇ ಒತ್ತಿದ ಹಾಗೆ ಅಲುಗುತ್ತಿದ್ದವು. ಆದರೆ ಒಂದು ಮಾತು: ಆ ಮನುಷ್ಯ ಒಂದಕ್ಷರ ತಪ್ಪು ಒತ್ತಲಿಲ್ಲ. ಮೂವತ್ತೆರಡು ವರ್ಷ ಲೇಬಲ್ಲಿನಲ್ಲಿ ಇದ್ದಂತೆಯೇ ತೀಡಿದವರು.

ಮೊದಲ ಡಬ್ಬಿ ಎದ್ದಿತು. ಎರಡನೆಯದು, ಮೂರನೆಯದು. ನಾಲ್ಕನೆಯದು ಲೇಬಲ್ಲಿನ ಡಬ್ಬಿ. ಎಂಟರ್ ಒತ್ತಿದ್ದೇ ಪರದೆಯ ಮೇಲೆ ಬೈಗುಳದಂಥ ಎರಡು ಸಾಲು. ಮುದ್ರಣಯಂತ್ರ ಹಚ್ಚಿರಲಿಲ್ಲ. ಕಾಗದದಲ್ಲಿ ಮೊದಲ ಸಾಲಿನಲ್ಲೇ ಇತ್ತು, ಅಕ್ಷರ ಹುಡುಕುವ ಭರದಲ್ಲಿ ಬಿಟ್ಟುಹೋಗಿತ್ತು, ನೋಡಿದರು, ಹಚ್ಚಿದರು, ಮತ್ತೆ ಟೈಪ್ ಮಾಡಿದರು. ಈ ಸಲ ಇನ್ನೊಂದೇ ಬೈಗುಳ. ಅಳಿಯ ಗಡಿಯಾರ ನೋಡಿಕೊಂಡ. ಅತ್ತೆಯ ತುಟಿ ಅಲ್ಲಾಡತೊಡಗಿತು.

"ಟೈಪಮ್ಮ, ಬಾಯಿ" ಎಂದರು ಯಜಮಾನರು.

ಅತ್ತೆ ನನ್ನ ಮಗಳ ಕೈಯ ಇನ್ನೊಂದು ಬಿಸ್ಕತ್ತಿಗೆ ಬಾಯಿ ಚಾಚಿ ಅದನ್ನೇ ಕಚ್ಚಿಕೊಂಡು ಕೂತರು.

ಸಾಣೆಯಣ್ಣ ಗಾಬರಿಯಾಗಲಿಲ್ಲ. ಇಂಗ್ಲಿಷಿನ ಆ ಸಾಲನ್ನು ಕೂಡಿಸಿ ಕೂಡಿಸಿ ಗಟ್ಟಿಯಾಗಿ ಓದಿದರು. "ಈ ಹೆಸರಿಂದು ಒಂದು ಆಗಲೇ ಇದೆ ಅಂತ ಹೇಳ್ತಿದೆ. ಹೌದಲ್ಲ, ಆಗ ಎಬ್ಬಿಸೋಕೆ ಹೋಗಿ ಅರ್ಧಕ್ಕೆ ಸತ್ತಿದ್ದು ಇಲ್ಲೇ ಬಿದ್ದಿದೆ." ಕಾಗದದ ಮೇಲೆ ಬೆರಳಾಡಿಸುತ್ತ ಕೆಳಗೆ ಬಂದರು. ಹದಿನಾಲ್ಕನೆಯ ಸಾಲು: 'ಹೆಸರು ಇದೆ ಎಂದು ಜಗಳವಾಡಿದರೆ ಸತ್ತ ಡಬ್ಬಿಯನ್ನು ತೆಗೆದು ಮತ್ತೆ ಓಡಿಸಿ.' ಅದು ನಾನು ಪೆನ್ಸಿಲ್ ಗೀಟು ಹಾಕಿದ್ದ ಜಾಗ. ಮೊದಲು ಅತ್ತೆ ಅಲ್ಲಿ 'ಎಂದಿನಂತೆ ಮಾಡಿ' ಎಂದು ಬರೆದಿದ್ದರು.

ತೆಗೆದರು. ಓಡಿಸಿದರು. ನಾಲ್ಕನೆಯದೂ ನಿಂತಿತು.

ಅಳಿಯ ಹದಿನೇಳರವನಿಗೆ ಫೋನ್ ಮಾಡಿ ಒಂದು ಆರ್ಡರ್ ಕಳಿಸಲು ಹೇಳಿದ. ನಾವೆಲ್ಲ ಮುದ್ರಣಯಂತ್ರದ ಬಾಯನ್ನೇ ನೋಡುತ್ತ ನಿಂತೆವು. ಸ್ವಲ್ಪ ಹೊತ್ತಿಗೆ ಅದು ಕಿರ್ ಎಂದು ನಾಲಿಗೆ ಚಾಚಿತು. ಸಾಣೆಯಣ್ಣ ಲೇಬಲ್ ಹರಿದು ಕೈಯಲ್ಲಿ ಹಿಡಿದು, ಫೋನಿನಲ್ಲೇ ಇದ್ದ ಹದಿನೇಳರವನನ್ನು ಕೇಳಿದರು:

"ಗಿರಾಕಿಯ ಬಲಗಣ್ಣಿಗೆ ಎಷ್ಟಪ್ಪ?"

"ಮೂರೂವರೆ. ಎಡಕ್ಕೆ ಒಂದು. ನಲವತ್ತು ವರ್ಷದಿಂದ ಬರೆದಂಗೇ ಬರೆದಿದ್ದೀನಿ, ನನ್ನದೇನೂ ತಪ್ಪಿಲ್ಲ."

ಲೇಬಲ್ಲಿನಲ್ಲಿ ಬಲಕ್ಕೆ ಮೂರೂವರೆ, ಎಡಕ್ಕೆ ಒಂದು. ಸಾಣೆಯಣ್ಣ ಅದನ್ನು ಅಳಿಯನಿಗೆ ತೋರಿಸಿದರು, ಅಳಿಯ ಯಜಮಾನರಿಗೆ ತೋರಿಸಿದ, ಯಜಮಾನರು ಕನ್ನಡಕ ಮೇಲೆತ್ತಿ ಓದಿ ತಲೆಯಾಡಿಸಿದರು. "ಕೆಲಸ ಇಲ್ಲೇ ಇರ್ಲಿ" ಎಂದರು. ಅಳಿಯ, "ಆ ಕಾಗದಗಳದ್ದು ಒಂದು ನಕಲು ನನಗೂ ಬೇಕು" ಎಂದಷ್ಟೇ ಹೇಳಿದ. ಸಾಣೆಯಣ್ಣ ಲೇಬಲ್ಲನ್ನು ಒಂದು ಟ್ರೇಗೆ ಅಂಟಿಸಿಕೊಂಡು ತಮ್ಮ ಕಲ್ಲಿನ ಕಡೆಗೆ ನಡೆದರು. ಬಾಗಿಲಲ್ಲಿ ಒಮ್ಮೆ ತಿರುಗಿದರು.

"ಟೈಪಮ್ಮ, ಆ ಟಿಪ್ಪಣೀಲಿ ನನ್ನ ಹತ್ತು ದಿನದ್ದೂ ಒಂದು ಸಾಲು ಹಾಕಿ."

ಅತ್ತೆ ಬಿಸ್ಕತ್ತು ನುಂಗಿದರು. ಕೈಗಳನ್ನು ತೊಡೆಯ ಕೆಳಗಿನಿಂದ ಎಳೆದರೆ ಎರಡೂ ಮರಗಟ್ಟಿಹೋಗಿದ್ದವು. ಬೆರಳು ಬೆರಳನ್ನೂ ಮಡಚಿ ಬಿಚ್ಚುತ್ತ ಕುರ್ಚಿಗೆ ಬಂದು ಕೂತು, ಎಲ್ಲಕ್ಕಿಂತ ಮೊದಲು ಆ ಸಾಲನ್ನು ಟೈಪ್ ಮಾಡಿದರು. ಆಮೇಲೆ ನನ್ನ ಕಡೆ ನೋಡಿದರು.

"ಶಿಶುವಿಹಾರದ ಅರ್ಜಿ ಏನು ಮಾಡ್ದೆ?"

"ತುಂಬಿಟ್ಟಿದ್ದೀನಿ ಅತ್ತೆ."

"ಹೋಗ್ತಾ ಕೊಟ್ಟುಬಿಡು. ದಿನಾಂಕ ಸರಿಯಾಗಿ ಬರೆದಿದ್ಯಾ?" ಎಂದವರು ಉತ್ತರಕ್ಕೆ ಕಾಯದೆ ಪರದೆಯ ಕಡೆ ತಿರುಗಿದರು. ಮಗಳು ಮೇಜಿನ ಅಂಚಿನಲ್ಲಿದ್ದ ಮೌಸನ್ನು ಎತ್ತಿಕೊಂಡು ಬಾಯಿಗೆ ಹಾಕಿಕೊಂಡಿದ್ದಳು. ಅತ್ತೆ ಅದನ್ನು ಬಿಡಿಸಿಕೊಳ್ಳುವ ಗೋಜಿಗೇ ಹೋಗಲಿಲ್ಲ.